ಏಕಾಂತಪ್ಪನ ಲಾರಿಗೆ ಆಯಿಲ್ ಪಂಪು

೧೨-೯-೧೯೬೩, ಗುರುವಾರ

ಬೆಳಿಗ್ಗೆ ಶಿವಮೊಗ್ಗೆಯ ನಮ್ಮ ಬಿಡಿಭಾಗದ ಅಂಗಡಿಯಿಂದ ತಪ್ಪು ಆಯಿಲ್ ಪಂಪನ್ನೇ ಹೊತ್ತು ಭದ್ರಾವತಿಯ ಬಸ್ಸು ಹತ್ತಿದ್ದೆ. ನೆನೆದರೆ ಈಗಲೂ ಬೆವರು. ಏಕಾಂತಪ್ಪನಿಗಿರುವುದು ಅದೊಂದೇ ಲಾರಿ. ಎಣ್ಣೆ ಸಾಲದೆ ಎಂಜಿನ್ ಹಿಡಿದುಕೊಂಡರೆ ಅವನ ಸಂಸಾರವೂ ನಿಂತಂತೆ. ಲಾರಿಯ ಹೆಸರು, ವರ್ಷ ಹೇಳಿಕಳಿಸಿದ್ದ. ಅದನ್ನು ನಂಬಿ ಆರಿಸಿದ್ದೆ.

ಕಾಗದನಗರದ ಹತ್ತಿರ ಲಾರಿ ನಿಂತಿತ್ತು. ಎಂಜಿನ್ ನಂಬರು ನೋಡೋಣವೆಂದರೆ ವರ್ಷವರ್ಷದ ಆಯುಧಪೂಜೆಯ ಕುಂಕುಮ, ವಿಭೂತಿ ಅದರ ಮೇಲೆ ಗಾರೆಯಂತೆ ಕೂತಿದ್ದವು. ಕೆರೆಯಲು ಹೋದೆ.

"ಅಯ್ಯೋ ಮಾರಾಯ್ರೆ, ಪೂಜೆ ಮಾಡಿದ್ದನ್ನ ಕೆರೀತೀರಾ?" ಎಂದ ಏಕಾಂತಪ್ಪ.

"ನಂಬರ್ ಕಾಣ್ಲಿ. ಆಮೇಲೆ ಇನ್ನೂ ದಪ್ಪಗೆ ಹಚ್ಚಪ್ಪ."

ಕಂಡಿತು. ಎಂಜಿನ್ನೇ ಬೇರೆ! ಇವನಿಗೆ ಲಾರಿ ಮಾರಿದವನು ಎಂದೋ ದೊಡ್ಡ ಎಂಜಿನ್ ಕೂರಿಸಿ ಬಾಯಿಬಿಟ್ಟಿರಲಿಲ್ಲ. ನಾನು ತಂದ ಪಂಪು ಅದಕ್ಕೆ ಬೇಕಾದಷ್ಟು ಎಣ್ಣೆ ದೂಡುತ್ತಿರಲಿಲ್ಲ. ಮತ್ತೆ ಶಿವಮೊಗ್ಗೆಗೆ ಬಂದು ಸರಿಯಾದುದನ್ನು ಒಯ್ದೆ. ಸಂಜೆ ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಮೇಲೇರಿತು. ಏಕಾಂತಪ್ಪ ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಒಂದು ಸುತ್ತು ಹೊರಟ. ನಾನು ಬಸ್ಸಿಗೆ ಬಂದೆ.

ಮನೆಯಲ್ಲಿ ಇದನ್ನು ಯಾರಿಗೆ ಹೇಳಲಿ? ಬಸ್ಸಿನಲ್ಲೇ ಪದ್ಯವೊಂದು ಹುಟ್ಟಿತ್ತು:

ಹೆಸರ ನಂಬಿ ಪಂಪು ತಂದರೆ ಓಡಲಾರದು ಲಾರಿ,
ನಂಬರು ನೋಡಿ ತಂದವನಿಗೆ ತೆರೆಯುವುದು ದಾರಿ,
ಎಣ್ಣೆ ಏರಿತು, ಮುಳ್ಳು ಕುಣಿಯಿತು, ಹೊರಟಿತು ಸವಾರಿ,

ನನ್ನ ಹೆಂಡತಿ ಜಗದಂಬಾ ತೀರಿಹೋಗಿ ಎರಡು ವರ್ಷ. ನಾನು ಮೂರು ಸಾಲು ಹೇಳಿದರೆ, ಒಲೆಯ ಮುಂದೆ ಕೂತೇ ನಾಲ್ಕನೆಯದನ್ನು ನನ್ನನ್ನು ಹಂಗಿಸಿ ಮುಗಿಸುತ್ತಿದ್ದಳು. ಪ್ರಾಸಕ್ಕೆ ಪದಗಳೇನೋ ಇನ್ನೂ ಇವೆ. ಹಂಗಿಸುವವರು...