ಹತ್ತೊಂಬತ್ತಕ್ಕೆ ತಿಳಿಹಳದಿ

ಮನೆಯಿಂದ
ಮಾರ್ಚ್ ೧೪, ಮಂಗಳವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಬೆನ್ನುನೋವು ಕಮ್ಮಿಯಾಯಿತೇ? ಇಡೀ ದಿನ ಕಂಪ್ಯೂಟರಿನ ಮುಂದೆ ಬಗ್ಗಿ ಕೂರಬೇಡ ಎಂದರೆ ನೀನು ಯಾವತ್ತು ಕೇಳಿದ್ದೀಯ. ನಿನ್ನ ಅಮ್ಮ ಗಟ್ಟಿಮುಟ್ಟಾಗಿದ್ದಾಳೆ, ಕುಡಿಯುವ ನೀರನ್ನು ಎರಡೆರಡು ಸಲ ಕುದಿಸಿ ನನ್ನ ತಲೆ ತಿನ್ನುತ್ತಾಳೆ. ನನಗೂ ಮೈಗೆ ಏನೂ ಆಗಿಲ್ಲ. ಮನಸ್ಸಿನ ವಿಷಯ ಬೇರೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಪಕ್ಕದ ಮನೆಯ ಟೈಲರಮ್ಮ ಬಂದಿದ್ದರು. ಕಾಮಾಲೆಯಿಂದ ಎದ್ದು ವಾರವಾಗಿದೆ, ಇನ್ನೂ ಗೋಡೆ ಹಿಡಿದು ನಡೆಯುತ್ತಾರೆ. ನಗರಸಭೆಯ ಬಾಗಿಲಲ್ಲಿ ನೀನು ಮಾಡಿದ ಕಾಮಾಲೆ ನಕ್ಷೆ ಅಂಟಿಸಿದ್ದಾರಂತೆ, ಗಾಢ ಬಣ್ಣ ಬಿದ್ದ ಬೀದಿಗೆ ಮಾತ್ರ ನೀರಿನ ಪೈಪು ಬದಲಿಸುತ್ತಾರಂತೆ. ಜಗಳ ಆಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದರು, "ನಮ್ಮ ಬೀದೀಲಿ ಯಾರಿಗೂ ಏನೂ ಆಗಿಲ್ವಂತೆ ಸಾರ್. ನಿಮ್ಮ ಮಗಳ ನಕ್ಷೆ ಹಾಗೆ ಹೇಳ್ತಿದೆ."

ಚಪ್ಪಲಿ ಮೆಟ್ಟಿ ನಗರಸಭೆಗೆ ಓಡಿದೆ. ಇಪ್ಪತ್ತನಾಲ್ಕು ಬೀದಿ, ಐದು ಬಣ್ಣ. ಮಾರುಕಟ್ಟೆ ಬೀದಿಯಲ್ಲಿ ಸಾವಿರ ಜನಕ್ಕೆ ನೂರು ಕಾಮಾಲೆ, ಉಳಿದವೆಲ್ಲ ಇಪ್ಪತ್ತರೊಳಗೆ. ನೀನು ಸೊನ್ನೆಯಿಂದ ನೂರರವರೆಗೆ ಇಪ್ಪತ್ತಿಪ್ಪತ್ತರ ಮೆಟ್ಟಿಲು ಮಾಡಿದ್ದೀಯ. ಮೇಲಿನ ಮೆಟ್ಟಿಲಲ್ಲಿ ಮಾರುಕಟ್ಟೆ ಒಂಟಿ, ನಡುವಿನ ಮೂರು ಖಾಲಿ, ಮಿಕ್ಕ ಇಪ್ಪತ್ತಮೂರು ಬೀದಿಗೂ ಒಂದೇ ತಿಳಿಹಳದಿ. ಸಾವಿರಕ್ಕೆ ಇಬ್ಬರು ಮಲಗಿದ ಬೀದಿಗೂ ಅದೇ, ಹತ್ತೊಂಬತ್ತು ಮಂದಿ ಮಲಗಿದ ನಮ್ಮದಕ್ಕೂ ಅದೇ. ಸುಳ್ಳು ಅಂಕಿ ಒಂದೂ ಇಲ್ಲ. ಭೇಷ್, ಎಷ್ಟು ಅಚ್ಚುಕಟ್ಟಾಗಿ ಕಣ್ಣಿಗೆ ಮಣ್ಣೆರಚಿದ್ದೀಯ.

ಗೊತ್ತಿಲ್ಲದೆ ಮಾಡಿದ್ದರೆ ನಾನೇ ಬಂದು ತಿದ್ದಿಕೊಡುತ್ತಿದ್ದೆ. ಆದರೆ ಹೋದ ತಿಂಗಳು ಫೋನು ಮಾಡಿ ನೀನೇ ಕೇಳಿದ್ದೆ, ಒಂದು ಅಂಕಿ ಮಾತ್ರ ತೀರ ದೊಡ್ಡದಿದ್ದರೆ ಬಣ್ಣದ ಮೆಟ್ಟಿಲುಗಳಿಗೆ ಸಮ ಅಂತರ ಹಾಕಬಹುದೇ ಎಂದು. ಬೇಡ, ಅಂಕಿಗಳನ್ನು ಸಾಲಾಗಿ ಬರೆದು ನೋಡು, ಎಲ್ಲಿ ತಾವಾಗಿ ದೂರ ದೂರ ನಿಂತಿವೆಯೋ ಅಲ್ಲಿ ಗೆರೆ ಹಾಕು ಎಂದು ಅರ್ಧ ಗಂಟೆ ಬಡಕೊಂಡೆ. "ಸರಿ ಅಪ್ಪಾ" ಅಂದಿದ್ದೆ. ಮೂವತ್ತು ವರ್ಷ ಕುಂಚ ಹಿಡಿದು ನಕ್ಷೆಗೆ ಬಣ್ಣ ತುಂಬಿದವನು, ಮಗಳು ಕೇಳಿದಳಲ್ಲ ಎಂದು ಆ ದಿನ ಎರಡು ತುತ್ತು ಜಾಸ್ತಿ ಉಂಡೆ. ನಿಮ್ಮ ಸಾಹೇಬರಿಗೆ ಒಂದೇ ಬೀದಿ ಅಗೆದು ಕೈತೊಳೆದುಕೊಳ್ಳುವುದಿತ್ತು ಎಂದು ಅಲ್ಲಿನ ಗುಮಾಸ್ತರೇ ಹೇಳಿದರು. ನೀನು ತಲೆಯಾಡಿಸಿದೆ. ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನಕ್ಷೆಯ ಮೂಲೆಯಲ್ಲಿ, ವಿಧಾನ ಪರಿಶೀಲಿಸಿದವರು ಎಂದು ನನ್ನ ಹೆಸರು ಯಾಕೆ ಹಾಕಿದೆ? ಬೇಡ ಬೇಡ ಎಂದ ಕೆಲಸಕ್ಕೆ ನನ್ನನ್ನೇ ಸಾಕ್ಷಿ ಮಾಡಿದೆಯಲ್ಲೇ. ಟೈಲರಮ್ಮ ಅದನ್ನೂ ಓದಿಯೇ ಇರುತ್ತಾರೆ, ನನ್ನೆದುರು ಎತ್ತಲಿಲ್ಲ ಅಷ್ಟೆ. ಈ ಬೀದಿಯಲ್ಲಿ ನಾನು ಹೇಗೆ ಮುಖ ಎತ್ತಿ ತಿರುಗಲಿ ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ. ನನ್ನದೂ ಇದೆ, ಕೋಪ ಬಂತೆಂದು ಅದನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲವಲ್ಲ.

ನಿನ್ನ
ಅಪ್ಪ

ಮತ್ತೆ: ನೀನೇ ನಕ್ಷೆ ತಿದ್ದು, ಇಲ್ಲವಾದರೆ ಆಕ್ಷೇಪಣೆ ಹಾಕುತ್ತೇನೆ ಎಂದು ಬರೆಯಬೇಕೆಂದಿದ್ದೆ. ನಿನ್ನ ದನಿ ಕೇಳಿದರೆ ಕರಗಿಬಿಡುತ್ತೇನೆ ಎಂದು ಈ ಬೆಳಗ್ಗೆಯೇ ಹಾಕಿ ಬಂದೆ. ಅದೇ ಅಂಕಿ, ಬೇರೆ ಗೆರೆ, ನಾನೇ ಬಣ್ಣ ತುಂಬಿದ ನಕ್ಷೆಯೂ ಜೊತೆಗಿದೆ. ವಿಚಾರಣೆಗೆ ನಿನ್ನನ್ನು ಕರೆಯುತ್ತಾರೆ. ಅರ್ಜಿಯಲ್ಲಿ, ನಕ್ಷೆ ಮಾಡಿದವರು ನಿಮಗೆ ಏನಾಗಬೇಕು ಎಂಬ ಕಾಲಂ ಇತ್ತು. ಗುಮಾಸ್ತರು ಖಾಲಿ ಬಿಡಿ ಸಾರ್ ಎಂದರು. ಬಿಡಲಿಲ್ಲ, ಮಗಳು ಎಂದು ಬರೆದೆ.