ಮೂರು ದಿನ ಕಮ್ಮಿ

೧ ಜೂನ್ ೧೯೩೯, ಗುರುವಾರ

ಬೆಳಗ್ಗೆಯಿಂದ ಅಡ್ಮಿಷನ್. ಗಂಟಲು ಕಟ್ಟಿದೆ. ಒಂದನೇ ಕ್ಲಾಸಿಗೆ ಹನ್ನೊಂದು ಹುಡುಗಿಯರು, ಒಬ್ಬರ ಮನೆಯಲ್ಲೂ ಹುಟ್ಟಿದ ತಾರೀಖು ಗೊತ್ತಿಲ್ಲ. ‘ಪ್ಲೇಗಿಗೆ ಊರು ಬಿಟ್ಟಿದ್ವಲ್ಲ, ಅದರ ಮರುವರ್ಷ’ ಅಂತ ಒಬ್ಬಳು ತಾಯಿ. ‘ನಮ್ಮ ಎಮ್ಮೆ ಎರಡನೇ ಸಲ ಈದಾಗ’ ಅಂತ ಇನ್ನೊಬ್ಬಳು. ಎಮ್ಮೆಯ ಜಾತಕ ನಾನೆಲ್ಲಿ ಹುಡುಕಲಿ? ಜೂನ್ ಒಂದಕ್ಕೆ ಐದು ವರ್ಷ ತುಂಬಿರಬೇಕು ಅಂತ ಹೊಸ ಸರ್ಕ್ಯುಲರ್ ಬಂದಿದೆ. ಎಲ್ಲರಿಗೂ ಏಪ್ರಿಲ್ ಒಂದು ಅಂತ ಬರೆದೆ. ಐದು ತುಂಬಿಸಿದೆ.

ಕೊನೆಗೆ ಕದಿರಪ್ಪ ಬಂದ. ಮಾವಿನ ತೋಪು ಗುತ್ತಿಗೆ ಹಿಡಿಯುವವನು. ಮಗಳು ರಾಮಲಕ್ಷ್ಮಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದರು. ಅವನು ಜೇಬಿನಿಂದ ಕಾಗದ ತೆಗೆದ—ಪುರೋಹಿತರಿಂದ ಬರೆಸಿದ್ದು, ನಾಲ್ಕು ಮೂಲೆಗೂ ಅರಿಶಿನ. ಓದು ಬಾರದವನು, ಆದರೂ ಎರಡು ಕೈಯಲ್ಲಿ ಹಿಡಿದು ಕೊಟ್ಟ. ಭಾವ ಸಂವತ್ಸರ, ವೈಶಾಖ ಬಹುಳ ಸಪ್ತಮಿ.

ಹಳೆಯ ಪಂಚಾಂಗ ತೆಗೆಸಿ ನೋಡಿದೆ. ಆ ವರ್ಷ ಅಧಿಕಮಾಸ ಬಂದು ವೈಶಾಖ ಎರಡು ಸಲ. ಬರೀ ವೈಶಾಖ ಅಂತ ಬರೆದಿದ್ದರೆ ಎರಡನೆಯದು, ನಿಜ ವೈಶಾಖ. ಅಂದರೆ ೧೯೩೪ರ ಜೂನ್ ನಾಲ್ಕು. ಮೂರು ದಿನ ಕಮ್ಮಿ.

‘ಮಾವಿನಕಾಯಿ ಕೀಳೋಕೆ ಇನ್ನೂ ಶುರು ಮಾಡಿರ್ಲಿಲ್ಲ ಮೇಷ್ಟ್ರಮ್ಮ, ಅದಕ್ಕೂ ಮುಂಚೆ ಹುಟ್ಟಿದ್ದು ಇವಳು’ ಅಂದ.

‘ಕಾಗದ ತಂದಿದ್ದೀಯಲ್ಲಪ್ಪ. ಮಧ್ಯದಲ್ಲಿ ಮಾವಿನಕಾಯಿ ಯಾಕೆ?’ ಅಂದೆ.

ಬರಿಗೈಯಲ್ಲಿ ಬಂದಿದ್ದರೆ ಅವನ ಮಗಳಿಗೂ ಏಪ್ರಿಲ್ ಒಂದು ಸಿಗುತ್ತಿತ್ತು. ಕಾಗದ ಕಣ್ಣ ಮುಂದೆ ಇಟ್ಟುಕೊಂಡು ಸುಳ್ಳು ಹೇಗೆ ಬರೆಯುವುದು? ಈ ಹೆಣ್ಣುಮಕ್ಕಳ ಶಾಲೆಗೆ ಹೆಡ್ ಆಗಿ ಬಂದು ಎರಡು ವರ್ಷ. ನನ್ನ ರಿಜಿಸ್ಟರಿನ ಮೇಲೆ ಇನ್ಸ್‌ಪೆಕ್ಟರು ಇನ್ನೂ ಒಂದು ಗೀಟು ಹಾಕಿಲ್ಲ.

‘ಸರೇಲೇಮ್ಮ’ ಅಂತ ತೆಲುಗಿನಲ್ಲಿ ಅಂದು ಮಗಳ ಕೈ ಹಿಡಿದು ಹೋದ. ಜಗಳ ಆಡಲಿಲ್ಲ.

೫ ಜೂನ್, ಸೋಮವಾರ

ಕದಿರಪ್ಪನ ಹೆಂಡತಿ ಆಂಜಿನಮ್ಮ ಬಾಗಿಲಲ್ಲಿ. ‘ನಿನ್ನೆಗೆ ತುಂಬ್ತಲ್ಲಮ್ಮ ಐದು. ಇವತ್ತು ಸೇರಿಸ್ಕೊಳ್ಳಿ.’

ಲೆಕ್ಕ ಒಂದನೇ ತಾರೀಖಿನದು ಅಂತ ವಿವರಿಸಿದೆ. ‘ಒಂದು ವರ್ಷ ತಾನೇ, ಏನು ಕೊಳ್ಳೆ ಹೋಗುತ್ತೆ?’ ಅಂದೆ.

‘ಹೆಣ್ಣು ಮಗು ಕಣಮ್ಮ’ ಅಂದಳು. ಅಷ್ಟೇ. ಏನು ಹೇಳಹೊರಟಿದ್ದಳೋ. ಅಷ್ಟರಲ್ಲಿ ಬೆಲ್ ಆಯಿತು.

೩ ಜೂನ್ ೧೯೪೦

ರಾಮಲಕ್ಷ್ಮಿ ಸೇರಿದಳು. ಕಾಗದ ರಿಜಿಸ್ಟರಿನ ಪುಟಕ್ಕೆ ಅಂಟಿಸಿದೆ. ವರ್ಷವಿಡೀ ಕಿಟಕಿಯ ಹೊರಗೆ ನಿಂತು ಅರ್ಧ ಕಾಗುಣಿತ ಕಲಿತಿದ್ದಾಳೆ, ಕಳ್ಳಿ! ಒಳಗೆ ಕೂತವರಿಗೆ ಇನ್ನೂ ಬಂದಿಲ್ಲ.

೧೧ ಮಾರ್ಚ್ ೧೯೪೪

ನಾಲ್ಕನೇ ಕ್ಲಾಸಿಗೂ ಅವಳೇ ಫಸ್ಟ್. ಮೇಲೆ ನಾಲ್ಕು ವರ್ಷ ಮಿಡ್ಲ್ ಸ್ಕೂಲು, ನಮ್ಮಲ್ಲೇ. ಮನೆಯವರು ಕಳಿಸುತ್ತಾರೋ ಇಲ್ಲವೋ ಅಂದುಕೊಂಡಿದ್ದೆ. ಕಳಿಸುತ್ತಾರಂತೆ.

೧೭ ನವೆಂಬರ್ ೧೯೪೭, ಸೋಮವಾರ

ಎಂಟನೇ ಕ್ಲಾಸಿನ ಲೋಯರ್ ಸೆಕೆಂಡರಿ ಪರೀಕ್ಷೆಗೆ ಈ ಸಲ ನಾಲ್ಕೇ ಹುಡುಗಿಯರು. ನಾಲ್ಕು ಅರ್ಜಿ. ರಾಮಲಕ್ಷ್ಮಿ ಪಾಸಾದರೆ ಟ್ರೈನಿಂಗಿಗೆ ಸೇರಬಹುದು, ಮೇಷ್ಟ್ರಮ್ಮ ಆಗಬಹುದು. ಅವಳಿಗೂ ಅದೇ ಹಟ.

ಇವತ್ತು ನಿಂತು ಹೇಳಿದಳು, ‘ಮೇಡಂ, ದೊಡ್ಡೋಳಾದ ದಿನ ಸ್ಕೂಲು ಬಿಡಿಸ್ತೀನಿ ಅಂದಿದಾಳೆ ಅಮ್ಮ. ಮಾವನಿಗೆ ಕೊಡ್ತಾರಂತೆ. ಅದಕ್ಕೆ ಮುಂಚೆ ಪರೀಕ್ಷೆ ಆಗೋದ್ರೆ ಸಾಕು.’ ಏನೋ ರೈಲು ತಪ್ಪದಿದ್ದರೆ ಸಾಕು ಅನ್ನುವ ಹಾಗೆ ಹೇಳಿದಳು. ಹದಿಮೂರೂವರೆ. ಪರೀಕ್ಷೆ ಮಾರ್ಚಿನಲ್ಲಿ.

ನನ್ನನ್ನು ಹನ್ನೆರಡಕ್ಕೇ ಬಿಡಿಸಿದ್ದರು. ಗಂಡ ತೀರಿಹೋಗಿ, ಅಣ್ಣ ಮತ್ತೆ ಶಾಲೆಗೆ ಹಾಕಿದ್ದಕ್ಕೆ ಈ ಕುರ್ಚಿ. ಅಂಥ ದಾರಿಯಲ್ಲಿ ಯಾರೂ ಮೇಷ್ಟ್ರಮ್ಮ ಆಗುವುದು ಬೇಡ.

೧೯ ನವೆಂಬರ್

ಅರ್ಜಿಗೆ ವಯಸ್ಸಿನ ಆಧಾರ ಬೇಕು. ಹಳೇ ರಿಜಿಸ್ಟರ್ ತೆಗೆದೆ. ಕದಿರಪ್ಪನ ಕಾಗದ ಅಂಟು ಬಿಟ್ಟು ಕೈಗೆ ಬಂತು. ಎಂಟು ವರ್ಷದಲ್ಲಿ ಅರಿಶಿನ ಪೂರಾ ಮಾಸಿದೆ. ಎಡಗಡೆ ಮೂಲೆಯಲ್ಲಿ, ಅರಿಶಿನ ಇದ್ದ ಜಾಗದಲ್ಲಿ, ‘ವೈಶಾಖ’ಕ್ಕೆ ಮೊದಲು ಒಂದು ಅಕ್ಷರ.

ಅ.

ಅಧಿಕ ವೈಶಾಖ. ಮೊದಲನೆಯದು. ಪಂಚಾಂಗ ಮೂರು ಸಲ ನೋಡಿದೆ. ೧೯೩೪ರ ಮೇ ಆರು. ಮೂವತ್ತೊಂಬತ್ತರ ಜೂನ್ ಒಂದಕ್ಕೆ ಅವಳಿಗೆ ಐದು ತುಂಬಿ ಇಪ್ಪತ್ತಾರು ದಿನ ಆಗಿತ್ತು.

ಜೂನ್ ನಾಲ್ಕರ ಹೊತ್ತಿಗೆ ಇಲ್ಲಿ ಕೀಳುವುದು ಶುರುವಾಗಿರುತ್ತದೆ; ಮೇ ಆರಕ್ಕೆ ಯಾರೂ ಕಾಯಿ ಕೀಳುವುದಿಲ್ಲ. ಊರಿನ ಮಕ್ಕಳಿಗೂ ಗೊತ್ತು. ಅವನು ಹೇಳಿದ್ದ.

ಆವತ್ತೇ ಸೇರಿಸಿಕೊಂಡಿದ್ದರೆ ಹೋದ ಮಾರ್ಚಿಗೇ ಪರೀಕ್ಷೆ ಮುಗಿದಿರುತ್ತಿತ್ತು. ಊಟ ಸೇರಲಿಲ್ಲ.

ಅರ್ಜಿಯಲ್ಲಿ ಜೂನ್ ನಾಲ್ಕು ಅಂತಲೇ ಬರೆದೆ. ರಿಜಿಸ್ಟರಿಗೂ ಅರ್ಜಿಗೂ ವ್ಯತ್ಯಾಸ ಬಂದರೆ ವಾಪಸ್ ಮಾಡುತ್ತಾರೆ... ಹೌದು, ಅದೂ ಒಂದು ಕಾರಣ. ಇನ್ನೊಂದು—ಹೆದರಿಕೆ. ನಾಲ್ಕು ತಿಂಗಳು ದಾಟಿಸಪ್ಪ ದೇವರೇ, ಆಮೇಲೆ ನಾನೇ ಹೋಗಿ ಹೇಳುತ್ತೇನೆ.

೧೨ ಜನವರಿ ೧೯೪೮, ಸೋಮವಾರ

ರಾಮಲಕ್ಷ್ಮಿ ಬಂದಿಲ್ಲ. ಜ್ವರ ಇರಬಹುದು.

೧೩ ಜನವರಿ

ಜ್ವರ ಅಲ್ಲ. ಅವಳ ಪಕ್ಕ ಕೂರುವ ಗೌಹರ್ ಅಟೆಂಡೆನ್ಸ್ ಆದ ಮೇಲೆ ಮೇಜಿನ ಹತ್ತಿರ ಬಂದು, ‘ದೊಡ್ಡೋಳಾದ್ಲಂತೆ ಮೇಡಂ’ ಅಂತ ಪಿಸುಗುಟ್ಟಿದಳು. ಆಮೇಲೆ ಅಳುತ್ತಾ ನಿಂತಳು.

ಎರಡು ತಿಂಗಳು. ಎರಡೇ ತಿಂಗಳು.

೧೮ ಜನವರಿ, ಭಾನುವಾರ

ಹೋಗಿ ಬಂದೆ. ಹಿತ್ತಿಲಲ್ಲಿ ಹಸಿ ಸೊಪ್ಪಿನ ಗುಡ್ಲು ಕಟ್ಟಿ ಅವಳನ್ನು ಕೂರಿಸಿದ್ದಾರೆ. ಆರತಿಗೆ ನೆಂಟರು ಬರುತ್ತಿದ್ದರು. ಆಂಜಿನಮ್ಮ ಮಣೆ ಹಾಕಿ ಎಳ್ಳು ಬೆಲ್ಲದ ಚಿಗಳಿ ಉಂಡೆ ಕೊಟ್ಟಳು.

ಕೇಳಿದೆ. ಮೂರೇ ದಿನ ಪರೀಕ್ಷೆ, ಕೋಲಾರದಲ್ಲಿ ನನ್ನ ಅಕ್ಕ ಶ್ಯಾಮಲಮ್ಮನ ಮನೆ ಇದೆ, ನಾನೇ ಜೊತೆಗಿರುತ್ತೇನೆ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇನೆ ಅಂದೆ. ಈ ಜನ್ಮದಲ್ಲಿ ನಾನು ಯಾರನ್ನೂ ಅಷ್ಟು ಬೇಡಿಕೊಂಡಿಲ್ಲ.

‘ಬೇಡಮ್ಮ. ನಮ್ಮ ತಮ್ಮ ಒಪ್ಪಲ್ಲ, ಅವನ ಮನೆಯೋರು ಒಪ್ಪಲ್ಲ. ಯುಗಾದಿ ಆದ್ಮೇಲೆ ಮದುವೆ’ ಅಂದಳು ಆಂಜಿನಮ್ಮ. ಇನ್ನೊಂದು ಉಂಡೆ ನನ್ನ ಮುಂದಿಟ್ಟು, ‘ಹೋದ ವರ್ಷ ಆಗಿದ್ದಿದ್ರೆ ನಾನೇ ಕಳಿಸ್ತಿದ್ದೆ ಕಣಮ್ಮ. ಅವಳ ತಲೆ ಮೇಲಾಣೆ’ ಅಂದಳು.

ಆಗಲೇ ಹೇಳಬೇಕಿತ್ತು. ಬಾಯಲ್ಲಿ ಚಿಗಳಿ ಇತ್ತು. ನುಂಗಿದೆ. ಅದನ್ನೂ ನುಂಗಿದೆ.

ಕದಿರಪ್ಪ ರಸ್ತೆಯ ತನಕ ಬಂದ. ‘ತಪ್ಪು ತಿಳ್ಕೋಬೇಡಿ ಮೇಷ್ಟ್ರಮ್ಮ. ಆವತ್ತು ನೀವು ವಾಪಸ್ ಕಳಿಸಿದಾಗ ನನ್ನ ಹೆಂಡ್ತಿ ಬೈದ್ಲು. ನಾನು ಬೈಲಿಲ್ಲ. ಎಲ್ರ ಮಾತಿಗೂ ಒಂದೊಂದು ತಾರೀಖು ಬರ್ಕೊಂಡ್ರಿ, ನನ್ನ ಕಾಗದ ಒಂದನ್ನೇ ಕೂತ್ಕೊಂಡು ಓದಿದ್ರಿ. ನಮ್ಮಂಥೋರ ಕಾಗದ ಯಾರಮ್ಮ ಓದ್ತಾರೆ?’

ಬೈದಿದ್ದರೆ ಚೆನ್ನಾಗಿತ್ತು. ನಡೆದುಕೊಂಡೇ ಮನೆಗೆ ಬಂದೆ.

೨೨ ಮಾರ್ಚ್, ಸೋಮವಾರ. ಕೋಲಾರ

ಮೂವರನ್ನು ಕರೆದುಕೊಂಡು ನಿನ್ನೆಯೇ ಸಣ್ಣ ರೈಲಿನಲ್ಲಿ ಬಂದೆ. ಅಕ್ಕನ ಮನೆಯಲ್ಲಿ ಉಪ್ಪಿಟ್ಟು, ಗಲಾಟೆ. ಪರೀಕ್ಷೆಯ ಹಾಲ್ ಬಾಗಿಲಲ್ಲಿ ಹೆಸರು ಕೂಗಿದರು. ರಾಮಲಕ್ಷ್ಮಿ, ಕದಿರಪ್ಪನ ಮಗಳು. ಎರಡು ಸಲ ಕೂಗಿದರು. ‘ಗೈರು’ ಅಂತ ನಾನೇ ಹೇಳಿದೆ.

ಗಣಿತ ಕಷ್ಟ ಇತ್ತಂತೆ. ಗೌಹರ್ ಎರಡು ಲೆಕ್ಕ ಬಿಟ್ಟಿದ್ದಾಳೆ.

೨೬ ಮಾರ್ಚ್, ಶುಕ್ರವಾರ

ಸ್ಟಾಕ್ ರಿಜಿಸ್ಟರ್. ಸೀಮೆಸುಣ್ಣ ಎರಡು ಡಬ್ಬಿ ಉಳಿದಿದೆ. ಭೂಪಟ ಒಂದು ಹರಿದಿದೆ.

೨೯ ಮಾರ್ಚ್, ಸೋಮವಾರ. ಸಂಜೆ ಐದು

ಗೌಹರ್ ಬಂದಿದ್ದಳು. ಬುರ್ಖಾದೊಳಗಿನಿಂದ ಮಡಿಸಿದ ಹಾಳೆಗಳನ್ನು ತೆಗೆದು, ‘ರಾಮಲಕ್ಷ್ಮಿ ಕೊಟ್ಲು, ನೀವು ಒಬ್ರೇ ನೋಡ್ಬೇಕಂತೆ’ ಅಂದಳು. ಪರೀಕ್ಷೆಯ ಗಣಿತದ ಪೇಪರ್ ರಾಮಲಕ್ಷ್ಮಿ ಇವಳಿಂದಲೇ ಇಸಕೊಂಡಳಂತೆ. ಎಲ್ಲರೂ ಮದುವೆಯ ಸೀರೆಗೆ ಹೋಗಿದ್ದಾಗ ಕೂತು ಬರೆದಳಂತೆ. ಎರಡೂವರೆ ಗಂಟೆ, ಪರೀಕ್ಷೆಗೆ ಕೊಡುವಷ್ಟೇ. ಒಂದು ನಿಮಿಷವೂ ಜಾಸ್ತಿ ತಗೊಂಡಿಲ್ಲ ಅಂತ ಗೌಹರ್ ಆಣೆ ಹಾಕಿದಳು. ಪಕ್ಕದಲ್ಲೇ ಇದ್ದಳಂತೆ.

ಕೆಂಪು ಪೆನ್ಸಿಲ್ ತಗೊಂಡು ಕೂತೆ. ಮೊದಲನೇ ಲೆಕ್ಕ ಸರಿ. ಎರಡನೆಯದು ಸರಿ. ಬಡ್ಡಿ ಲೆಕ್ಕದಲ್ಲಿ ಒಂದು ಕಡೆ ಎಡವಿ ತಾನೇ ಹೊಡೆದುಹಾಕಿ ಸರಿ ಮಾಡಿದ್ದಾಳೆ. ಗೌಹರ್ ಬಿಟ್ಟ ಎರಡೂ ಸರಿ. ಒಂದೇ ಒಂದು ಲೆಕ್ಕ ತಪ್ಪು. ನೂರಕ್ಕೆ ತೊಂಬತ್ತೊಂದು. ತಿರುಗಿಸಿ ಮುರುಗಿಸಿ ನೋಡಿದೆ, ಅದಕ್ಕಿಂತ ಒಂದು ಮಾರ್ಕೂ ಕಳೆಯಲಾಗಲಿಲ್ಲ.

ಕೊನೆಯ ಹಾಳೆಯ ಅಡಿಯಲ್ಲಿ ಚಿಕ್ಕದಾಗಿ: ‘ಮೇಡಂ, ನಾನು ಪಾಸಾಗುತ್ತಿದ್ದೆನಾ?’

ಗೌಹರ್ ಜಗಲಿಯ ಮೇಲೆ ಕೂತಿದ್ದಾಳೆ. ಉತ್ತರ ಇಸಕೊಂಡು ಬಾ ಅಂತ ರಾಮಲಕ್ಷ್ಮಿ ಹೇಳಿದ್ದಾಳಂತೆ. ಹಾಳೆಯ ಮೇಲೆ ಬರೆಯುವ ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ.

ಚಿ॥ ರಾಮಲಕ್ಷ್ಮಿಗೆ ಆಶೀರ್ವಾದ. ಪಾಸಾಗುತ್ತಿದ್ದೆ ಮಗು. ಹೋದ ವರ್ಷವೇ ಪಾಸಾಗುತ್ತಿದ್ದೆ. ನಾನು—