ಒದ್ದೆ ಕಲ್ಲಿನ ಮೇಲೆ ನನ್ನಪ್ಪನ ಬಿರುದು

ಮಾನ್ಯ ಪಾದ್ರಿಗಳೇ,

ನನ್ನ ತಂದೆಯ ಗೋರಿಕಲ್ಲಿನಿಂದ ನೀವು ಒಂದು ಪದವನ್ನು ಕೆತ್ತಿ ತೆಗೆಸಿದಿರಿ; ಅದೂ ನನ್ನ ಕೈಯಿಂದಲೇ. ಈಗ ಕಲ್ಲನ್ನೇ ಕೀಳಬೇಕೆಂದು ಚರ್ಚಿನ ಬಾಗಿಲಿಗೆ ಆಜ್ಞೆ ಅಂಟಿಸಿದ್ದೀರಿ. ನನ್ನ ಉತ್ತರವೂ ಅದೇ ಬಾಗಿಲಲ್ಲಿರಲಿ.

‘ಈನಕ್ ಹೋಲ್ರಾಯ್ಡ್, ಎಸ್ಕ್ವೈರ್’ ಎಂದು ಕೆತ್ತಿದ್ದೆ. ಜಮೀನುದಾರರು ಹೆಸರಿನ ತುದಿಗೆ ಸಿಕ್ಕಿಸಿಕೊಳ್ಳುವ ಬಿರುದು. “ಅದು ಹುಟ್ಟಿನಿಂದ ಬರ್ಬೇಕು ಹುಡುಗಾ, ಉಳಿಯಿಂದಲ್ಲ” ಎಂದು ನಕ್ಕಿರಿ. ಆ ಬಿರುದಿನ ಹುಟ್ಟೇನು? ಲ್ಯಾಟಿನ್ ಕಲಿತ ತಮಗೆ ಕರಪತ್ರ ಓದಿದ ಕಲ್ಲುಕುಟಿಗನೇ ಹೇಳಬೇಕೆ? ಮೂಲದಲ್ಲಿ ಅದು ಗುರಾಣಿ ಹೊರುವವನ ಹೆಸರು. ಕುದುರೆಯ ಮೇಲಿನ ವೀರನ ಹಿಂದೆ ನಡೆದವನ ಹೆಸರು. ದೊಡ್ಡವರು ಗುರಾಣಿಯನ್ನು ಗೋಡೆಗೆ ತೂಗುಹಾಕಿ ಬಿರುದನ್ನು ಮಾತ್ರ ಇಟ್ಟುಕೊಂಡರು.

ನಿಮ್ಮ ಚರ್ಚಿನೊಳಗೆ ಅದೇ ಬಿರುದು ಹೊತ್ತ ಅಮೃತಶಿಲೆಯಡಿ ಒಬ್ಬ ಕ್ಯಾಪ್ಟನ್ ಮಲಗಿದ್ದಾರೆ. ವಾಟರ್ಲೂ ಯುದ್ಧದಲ್ಲಿ ಅವರತ್ತ ಬಂದ ಗುಂಡಿಗೆ ಭುಜ ಕೊಟ್ಟ ಆಳು ನನ್ನಪ್ಪ. ಸಾಯುವವರೆಗೂ ಭುಜದಲ್ಲೇ ಉಳಿದ ಆ ಸೀಸದೊಂದಿಗೇ ಅವನನ್ನು ಹೂಳಿದೆವು. ಹೇಳಿ, ಗುರಾಣಿ ಹೊತ್ತವರು ಯಾರು?

ಪದ ತೆಗೆಯದಿದ್ದರೆ ಕಲ್ಲು ಒಡೆಸುವೆನೆಂದಿರಿ. ಅಮ್ಮನಿಗಾಗಿ ಒಪ್ಪಿದೆ. ಆದರೆ ಕಸುಬುದಾರ ಮಾಡಬಾರದ ತಪ್ಪು ಮಾಡಿದೆ: ಅಕ್ಷರ ಇದ್ದಷ್ಟೇ ಆಳಕ್ಕೆ ಕೆತ್ತಿದೆ. ಉಳಿಯ ಏಟು ಅದರ ಕೆಳಗೂ ಕಲ್ಲನ್ನು ಜಜ್ಜಿರುತ್ತದೆ; ಜಜ್ಜಿದ ಕಲ್ಲು ನೀರು ಕುಡಿಯುತ್ತದೆ. ಈಗ ಮಳೆ ಬಿದ್ದ ಪ್ರತಿ ಬೆಳಿಗ್ಗೆಯೂ ಆ ಪದ ಕಪ್ಪಾಗಿ ಮೇಲೇಳುತ್ತಿದೆ. ಊರವರು ಬೇಲಿಯಾಚೆ ನಿಂತು ಟೋಪಿ ತೆಗೆಯುತ್ತಾರೆ.

“ಇನ್ನೊಂದು ಬೆರಳಾಳ ತೆಗೀಬಾರ್ದಿತ್ತೇನಯ್ಯಾ? ಗುಂಡಿ ತೋಡೋಕೆ ನಂಗೇ ಭಯ ಹತ್ಕೊಂಡಿದೆ” ಎಂದು ಗೋರಿ ತೋಡುವ ಮುದುಕ ಬೈದ. ಅಮ್ಮ ಮಾತ್ರ ಒದ್ದೆ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ, “ನಿಮ್ಮಪ್ಪ ಎದ್ದು ಮಾತಾಡ್ತಿದಾನೆ ಕಣೋ. ಬದುಕಿದ್ದಾಗ ದೊಡ್ಡೋರೆದುರು ತುಟಿ ಬಿಚ್ಚಿರ್ಲಿಲ್ಲ, ಪಾಪ” ಎಂದಳು.

ಪ್ರೇತವಲ್ಲ, ಬರೀ ನೀರು ಎಂದು ನಾನು ಬಲ್ಲೆ. ಆದರೂ ಮೋಡ ಕವಿದರೆ ಉಳಿ ಕೆಳಗಿಟ್ಟು ಗೋರಿಯತ್ತ ನಡೆಯುತ್ತೇನೆ. ಇನ್ನಷ್ಟು ಆಳಕ್ಕೆ ಕೆತ್ತೆಂದು ಹೇಳಿಕಳಿಸಿದಿರಿ, ಒಲ್ಲೆನೆಂದೆ. ಅದಕ್ಕೇ ಅಲ್ಲವೇ ಸೋಮವಾರ ಕಲ್ಲು ಕೀಳುವ ಈ ಆಜ್ಞೆ?

ಅದನ್ನು ಹಿಂತೆಗೆದುಕೊಳ್ಳಿ. ಇಲ್ಲವೇ ಬಂದು, ನಿಮ್ಮ ಕೈಯಾರೆ ಕಲ್ಲಿನ ಮೇಲೆ ನೀರು ಸುರಿಯಿರಿ. ಮೂಡಿದ್ದನ್ನು ಗಟ್ಟಿಯಾಗಿ ಓದಿ, ಅಮ್ಮನ ಮುಖ ನೋಡಿ, ಸುಳ್ಳೆಂದು ಹೇಳಿ. ಹೇಳಿದರೆ ಹಾರೆ ಹಿಡಿದು ನಾನೇ ಕೀಳುತ್ತೇನೆ. ಬಕೆಟ್ ನಾನು ತರುತ್ತೇನೆ.

ಇಂತಿ,
ಅಪ್ಪನ ಬಿರುದನ್ನು ಅಳಿಸಿದ, ಅದನ್ನೂ ಸರಿಯಾಗಿ ಅಳಿಸಲಾರದ ಕಲ್ಲುಕುಟಿಗ
ಜೇಬೆಜ್ ಹೋಲ್ರಾಯ್ಡ್

ಗೋರಿಯ ಬಳಿ, ಈ ಭಾನುವಾರ, ಬೆಳಿಗ್ಗೆ ಎಂಟಕ್ಕೆ.